ಶ್ರೀಶೈಲದ ಹಾದಿಯಲ್ಲಿ ಸೊನ್ನಲಿಗೆಯ ಸಿದ್ಧರಾಮ

ಶಿವಶರಣರ ಚರಿತ್ರೆಗಳಲ್ಲಿ ನಡಿಗೆಗೆ ವಿಶೇಷವಾದ ಸ್ಥಾನವುಂಟು. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೂ ಅಲ್ಲಿಂದ ಮುಂದೆ ಶ್ರೀಶೈಲದ ಕದಳಿಗೂ ನಡೆದಳು. ಅಲ್ಲಮಪ್ರಭುಗಳು ಒಂದೆಡೆ ನಿಲ್ಲದೆ ನಾಡನ್ನು ಸಂಚರಿಸಿದರು. ಇವರೆಲ್ಲರೂ ತಮಗೆ ಬೇಕಾದುದೇನೆಂಬುದನ್ನು ಅರಿತು ಹೊರಟವರು. ಹೋಗುವ ಊರು ಯಾವುದು, ಅದು ಎಷ್ಟು ದೂರ, ಅಲ್ಲಿ ಕಾಣಬೇಕಾದವನು ಯಾರು ಎಂಬ ಯಾವುದೊಂದನ್ನೂ ಅರಿಯದೆ, ಅತಿಥಿಗೆಂದು ತಂದ ಊಟವನ್ನು ಕೈಯಲ್ಲಿ ಹಿಡಿದು, ಅಳುತ್ತಳುತ್ತ ಯಾತ್ರೆಗೆ ತೊಡಗಿದವನು ಸೊನ್ನಲಿಗೆಯ ಒಬ್ಬ ದನಗಾಹಿ ಬಾಲಕ. ಮುಂದೆ ಶಿವಯೋಗಿ ಸಿದ್ಧರಾಮೇಶ್ವರರೆಂದು ಲೋಕವಂದ್ಯರಾದವರು ಆತನೇ.

ಸೊನ್ನಲಿಗೆಯೆಂದರೆ ಈಗ ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರ. ಅದು ದೂರದ ಊರಾದರೂ ಹಾಸನದ ಸೀಮೆಗೆ ಸಿದ್ಧರಾಮೇಶ್ವರರು ಅಪರಿಚಿತರಲ್ಲ. ಅರಸೀಕೆರೆಯ ಕಡೆಯ ನೊಳಂಬರು ಅವರನ್ನು ತಮ್ಮ ಕುಲಗುರುವೆಂದು ಪೂಜಿಸಿಕೊಂಡು ಬಂದಿದ್ದಾರೆ. ಅವರ ಚರಿತ್ರೆಯನ್ನು ‘ಸಿದ್ಧರಾಮ ಚಾರಿತ್ರ’ವೆಂಬ ಷಟ್ಪದಿ ಕಾವ್ಯವಾಗಿ ಹಾಡಿದ ರಾಘವಾಂಕನಾದರೋ, ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದು ಆ ಪದವಿಯನ್ನು ತೊರೆದು ಹಂಪೆಗೆ ಹೋದ ಹರಿಹರನ ಸೋದರಳಿಯ ಮತ್ತು ಶಿಷ್ಯ. ಆ ಮಹಾಕವಿಯು ತನ್ನ ಕಡೆಯ ದಿನಗಳನ್ನು ಬೇಲೂರಿನಲ್ಲಿ ಕಳೆದನೆಂದು ಪರಂಪರೆ ಹೇಳುತ್ತದೆ. ಸೊನ್ನಲಿಗೆಯ ಹುಡುಗನ ಕಥೆ ಹೀಗೆ ಕವಿಯ ಜೊತೆಯಲ್ಲಿಯೇ ಹೇಮಾವತಿ, ಯಗಚಿಗಳ ನಾಡಿಗೆ ಬಂದಿತೆನ್ನಬೇಕು.

12ನೆಯ ಶತಮಾನದಲ್ಲಿ ಸೊನ್ನಲಿಗೆಯ ಮುದ್ದುಗೌಡ, ಸುಗ್ಗಲಾದೇವಿಯರೆಂಬ ದಂಪತಿಗಳಿಗೆ ಆತ ಜನಿಸಿದ. ಆ ಗರ್ಭದಲ್ಲಿ ಮಹಾಯೋಗಿಯೊಬ್ಬನು ಹುಟ್ಟುವನೆಂದು ರೇವಣಸಿದ್ಧರು ಮೊದಲೇ ಸೂಚಿಸಿದ್ದರಂತೆ. ಆದರೆ ಮಗು ಬೆಳೆದಂತೆಲ್ಲ ಭವಿಷ್ಯವಾಣಿಗೂ ಕಣ್ಣೆದುರಿನ ಹುಡುಗನಿಗೂ ಹೊಂದಿಕೆಯೇ ಕಾಣಲಿಲ್ಲ. ಆಟಪಾಟಗಳಲ್ಲಿ ಮನಸ್ಸಿಲ್ಲ, ಕರೆದರೆ ಓಗೊಡುವುದಿಲ್ಲ, ತನ್ನಷ್ಟಕ್ಕೆ ತಾನು ಕಲ್ಲನ್ನು ಲಿಂಗವೆಂದಿರಿಸಿ ಹೂ ಪತ್ರೆಗಳನ್ನು ಏರಿಸುತ್ತ ಕುಳಿತಿರುವನು. ಊರವರು ಜಡನೆಂದರು, ಮುಗ್ಧನೆಂದರು. ಹೆತ್ತವರಿಗೆ ಅದು ಎಷ್ಟು ದುಃಖವನ್ನು ತಂದಿರಬೇಕೆಂಬುದನ್ನು ಪುರಾಣಗಳು ಹೆಚ್ಚಾಗಿ ಹೇಳುವುದಿಲ್ಲ. ಶಾಲೆಯಲ್ಲಿ ಅಂತಹ ಮಕ್ಕಳನ್ನು ಕಂಡ ಉಪಾಧ್ಯಾಯರಿಗೆ ಹೇಳಬೇಕಾದುದೂ ಇಲ್ಲ. ಬೇರೇನೂ ತೋಚದೆ ಆತನನ್ನು ದನ ಕಾಯಲು, ಹೊಲ ಕಾಯಲು ಕಳುಹಿದರು.

ಆ ಹೊಲದಲ್ಲಿ ಒಂದು ದಿನ ವೃದ್ಧ ಜಂಗಮನೊಬ್ಬನು ಕಾಣಿಸಿಕೊಂಡನು. ತನ್ನ ಹೆಸರು ಮಲ್ಲಯ್ಯನೆಂದೂ ತನ್ನ ಊರು ಶ್ರೀಶೈಲವೆಂದೂ ಹೇಳಿದನು. ಎಳೆಯ ತೆನೆಗಳನ್ನು ಬೇಡಿದನು. ಹುಡುಗನು ಸಂತೋಷದಿಂದ ಸುಟ್ಟುಕೊಟ್ಟನು. ತಿಂದ ಬಳಿಕ ಒಡಲು ಉರಿಯುವುದೆಂದು ಮಜ್ಜಿಗೆಯ ಊಟವನ್ನು ಬೇಡಿದನು. ಹುಡುಗನು ಮನೆಗೆ ಓಡಿದನು. ಯಾರೊಡನೆಯೂ ಸೇರದ ಮಗ ಅತಿಥಿಗೆ ಉಣಬಡಿಸಬೇಕೆಂದು ಏದುಸಿರು ಬಿಡುತ್ತ ಬಂದುದನ್ನು ಕಂಡು ತಾಯಿ ಹಿಗ್ಗಿರಬೇಕು. ಆದರೆ ಊಟವನ್ನು ಹೊತ್ತು ಹೊಲಕ್ಕೆ ಮರಳಿದಾಗ ಮಲ್ಲಯ್ಯ ಅಲ್ಲಿರಲಿಲ್ಲ. ಗಿಡದ ಮರೆ, ಹಳ್ಳದ ತಿರುವು ಎಲ್ಲಿಯೂ ಇರಲಿಲ್ಲ. ಮಲ್ಲಯ್ಯಾ ಎಂದು ಕೂಗಿ ಕೂಗಿ ಹುಡುಗನು ಬಿಕ್ಕಿ ಅತ್ತನು. ತನ್ನನ್ನು ಮೊಟ್ಟಮೊದಲು ಆದರದಿಂದ ಮಾತನಾಡಿಸಿದ ಒಬ್ಬನೇ ಒಬ್ಬನನ್ನು ಆತ ಕಳೆದುಕೊಂಡಿದ್ದನು.

ಆ ದಾರಿಯಾಗಿ ಶ್ರೀಶೈಲಕ್ಕೆ ಹೋಗುತ್ತಿದ್ದ ಯಾತ್ರಿಕರ ತಂಡವೊಂದು ಅಳುವನ್ನು ಕೇಳಿ ನಿಂತಿತು. ಹುಡುಗನ ಬಾಯಲ್ಲಿ ಇದ್ದುದು ಒಂದೇ ಹೆಸರು. ಮಲ್ಲಯ್ಯನು ಶ್ರೀಶೈಲದಲ್ಲಿರುವನು, ತಾವು ಹೋಗುತ್ತಿರುವುದೂ ಆತನಲ್ಲಿಗೇ, ಬಂದರೆ ತೋರಿಸುವೆವು ಎಂದು ಅವರು ಸಮಾಧಾನ ಹೇಳಿದರು. ಅವರು ನುಡಿದುದು ಮಲ್ಲಿಕಾರ್ಜುನನನ್ನು ಕುರಿತು; ಹುಡುಗನು ತಿಳಿದುದು ತನ್ನ ಹೊಲಕ್ಕೆ ಬಂದ ಮುದುಕನನ್ನು ಕುರಿತು. ಈ ತಪ್ಪು ತಿಳಿವಳಿಕೆಯೇ ಇಡೀ ಚರಿತ್ರೆಯ ಬೀಜವಾಯಿತು.

ಸೊಲ್ಲಾಪುರದಿಂದ ಶ್ರೀಶೈಲಕ್ಕೆ ನಾನೂರು ಕಿಲೋಮೀಟರಿಗೆ ಕಡಮೆಯಿಲ್ಲದ ಹಾದಿ. ಕಡೆಯ ಭಾಗವು ನಲ್ಲಮಲೆಯ ದಟ್ಟವಾದ ಅರಣ್ಯ. ಆತ್ಮಕೂರಿನ ಕಡೆಯಿಂದ ನಡೆದು ಬರುವವರು ಇಂದಿಗೂ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳನ್ನು ದಾಟಿ ಕೈಲಾಸದ್ವಾರದ ಮೆಟ್ಟಿಲುಗಳನ್ನು ಹತ್ತಿ ಕ್ಷೇತ್ರವನ್ನು ಸೇರುತ್ತಾರೆ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಬಿಸಿಲನ್ನು ಲೆಕ್ಕಿಸದೆ ಮಲ್ಲಯ್ಯನ ಕಂಬಿಯನ್ನು ಹೊತ್ತು ಹೊರಡುವುದುಂಟು. ಹಾದಿಯ ಊರುಗಳವರು ಅವರಿಗೆ ನೀರು ಕೊಡುತ್ತಾರೆ, ದಾಸೋಹ ನಡೆಸುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಶಿವರಾತ್ರಿಯ ಸಮಯದಲ್ಲಿ ಚನ್ನರಾಯಪಟ್ಟಣ, ಹಾಸನಗಳ ಮಾರ್ಗವಾಗಿ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಸಾಗುವವರನ್ನು ಬಲ್ಲವರಿಗೆ ಈ ಪರಿ ಹೊಸದಲ್ಲ. ಹಾದಿಯಲ್ಲಿ ಜೊತೆಯಾದವನ ಊರು ಯಾವುದು, ಮನೆತನ ಯಾವುದು ಎಂದು ಕೇಳುವ ಮೊದಲು ಕಾಲಿನ ಬೊಬ್ಬೆ ಒಡೆಯಿತೇ ಎಂದು ಕೇಳುವರು. ಊರಿನಲ್ಲಿ ಜಡನೆನಿಸಿಕೊಂಡ ಹುಡುಗನು ಆ ತಂಡದಲ್ಲಿ ಬರಿಯ ಒಬ್ಬ ಯಾತ್ರಿಕನಾದನು. ಆತನ ಅಳುವನ್ನು ಕೇಳಿ ಗದರದೆ ನಿಂತು ಕೈಹಿಡಿದು ಕರೆದೊಯ್ದ ಆ ಪುಣ್ಯಾತ್ಮರ ಹೆಸರುಗಳು ಯಾರಿಗೂ ತಿಳಿಯವು.

ಆದರೂ ಅವರ ಸಹವಾಸ ಒಂದು ಎಲ್ಲೆಯವರೆಗೆ ಮಾತ್ರ. ಗುಡಿಯನ್ನು ಸೇರಿ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಬಾಲಕನು ಒಪ್ಪಲಿಲ್ಲ. ಇದು ಕಲ್ಲು, ತನ್ನೊಡನೆ ಮಾತನಾಡಿ ತೆನೆ ತಿಂದ ಮಲ್ಲಯ್ಯ ಇದಲ್ಲವೆಂದು ಹಟ ಹಿಡಿದನು. ದೊಡ್ಡವರಿಗೆ ಅಲ್ಲಿಗೆ ಯಾತ್ರೆ ಮುಗಿದಿತ್ತು; ಆತನಿಗೆ ಮುಗಿದಿರಲಿಲ್ಲ. ಒಬ್ಬನೇ ಗಿರಿಯ ಕಂದರಗಳಲ್ಲಿ ಕೂಗುತ್ತ ಅಲೆದು, ಎಲ್ಲಿಯೂ ಕಾಣದೆ, ಕಡೆಗೆ ಆಳವಾದ ಕೊಳ್ಳವೊಂದರ ಅಂಚಿಗೆ ಬಂದು ಪ್ರಾಣವನ್ನು ತೊರೆಯಲು ಮನಸ್ಸು ಮಾಡಿದನು. ಆಗ ಮಲ್ಲಿನಾಥನು ಪ್ರತ್ಯಕ್ಷನಾಗಿ ಕೈಹಿಡಿದು ಎತ್ತಿಕೊಂಡನೆಂದು ಕಾವ್ಯ ಹೇಳುತ್ತದೆ. ಭಕ್ತರು ಇದನ್ನು ನಡೆದ ಸಂಗತಿಯೆಂದೇ ನಂಬುವರು, ವಿಮರ್ಶಕರು ಅಂತರಂಗದ ಅನುಭವವೆನ್ನುವರು. ಹುಡುಗನು ಕೊಳ್ಳಕ್ಕೆ ಬೀಳಲಿಲ್ಲ, ಅಳುತ್ತ ಹೋದವನು ಅಳದೆ ಮರಳಿದನು ಎಂಬಲ್ಲಿ ಇಬ್ಬರಿಗೂ ಭೇದವಿಲ್ಲ.

ಶ್ರೀಶೈಲದಲ್ಲಿಯೇ ಉಳಿದುಬಿಡಬೇಕೆಂಬ ಆಸೆ ಆತನಿಗೆ ಇಲ್ಲದಿರಲಿಲ್ಲ. ಸೊನ್ನಲಿಗೆಯನ್ನೇ ಮತ್ತೊಂದು ಶ್ರೀಶೈಲವನ್ನಾಗಿ ಮಾಡಬೇಕೆಂದು, ತಾನೂ ಅಲ್ಲಿಯೇ ನೆಲಸುವೆನೆಂದು ಮಲ್ಲಿನಾಥನು ಅಪ್ಪಣೆ ಕೊಟ್ಟು ಕಳುಹಿದನು. ಮರಳಿ ಬಂದ ಸಿದ್ಧರಾಮೇಶ್ವರರನ್ನು ಊರು ಗುರುತಿಸಲಾರದಾಯಿತು. ಒಂಟಿಯಾಗಿ ಕುಳಿತಿರುತ್ತಿದ್ದವರ ಸುತ್ತ ಈಗ ಜನರು ನೆರೆದರು. ಅಲ್ಲಿಯ ರಾಣಿ ಚಾಮಲಾದೇವಿ ನೆಲವನ್ನು ಬಿಟ್ಟುಕೊಟ್ಟಳು. ಮಲ್ಲಿಕಾರ್ಜುನನ ಗುಡಿ ಎದ್ದಿತು. ಊರ ಸುತ್ತ ಅರುವತ್ತೆಂಟು ಲಿಂಗಗಳ ಪ್ರತಿಷ್ಠೆಯಾಯಿತು. ಬಯಲುಸೀಮೆಯ ಬರವನ್ನು ನೀಗುವಂತೆ ದೊಡ್ಡ ಕೆರೆಯನ್ನು ತೋಡಿಸಲಾಯಿತು. ದೂರದ ಶ್ರೀಶೈಲಕ್ಕೆ ನಡೆಯಲಾರದ ಮುದುಕರಿಗೂ ರೋಗಿಗಳಿಗೂ ಮಲ್ಲಯ್ಯನು ಮನೆಯ ಬಾಗಿಲಿಗೇ ಬಂದಂತಾಯಿತು. ಹಾದಿಯಲ್ಲಿ ತಾವು ಉಂಡ ಕರುಣೆಯನ್ನು ಅವರು ಕೆರೆಯಾಗಿ ತೋಡಿದರೆಂದರೆ ತಪ್ಪಾಗಲಾರದು.

ಆ ಕೆರೆಯ ಕೆಲಸ ನಡೆಯುತ್ತಿದ್ದಾಗಲೇ ಅಲ್ಲಮಪ್ರಭುಗಳು ಬಂದರು. ಶೂನ್ಯಸಂಪಾದನಕಾರರು ಈ ಪ್ರಸಂಗವನ್ನು ಬಹು ವಿಸ್ತಾರವಾಗಿ ವರ್ಣಿಸಿದ್ದಾರೆ. ಪ್ರಭುಗಳು ಸಿದ್ಧರಾಮೇಶ್ವರರನ್ನು ಒಡ್ಡರವನೆಂದು ಜರೆದರು; ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರು; ಸಿದ್ಧರಾಮೇಶ್ವರರೂ ಕೋಪದಿಂದ ಉರಿಗಣ್ಣನ್ನು ತೆರೆದರು. ಅಷ್ಟು ಸಾಧಿಸಿದವರಲ್ಲಿಯೂ ಕೋಪ ಉಳಿದಿತ್ತೆಂಬುದನ್ನು ಶರಣರು ಮುಚ್ಚಿಡಲಿಲ್ಲ. ಹೊರಗೆ ಕಟ್ಟಿದ ಗುಡಿಯಿಂದ ಒಳಗಿನ ಅಹಂಕಾರ ಅಳಿಯದೆಂಬ ಪ್ರಭುಗಳ ಮಾತನ್ನು ಅವರು ಕಡೆಗೆ ತಲೆಬಾಗಿ ಒಪ್ಪಿದರು. ಎರಡನೆಯ ಬಾರಿಗೆ ಊರನ್ನು ಬಿಟ್ಟು, ಈ ಸಾರಿ ಪ್ರಭುಗಳ ಜೊತೆಗಾರರಾಗಿ, ಕಲ್ಯಾಣಕ್ಕೆ ನಡೆದರು. ಅಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ಶರಣರ ಸಂಗ ದೊರೆಯಿತು. ಸಾವಿರಾರು ಜನರಿಗೆ ಗುರುವಾಗಿದ್ದವರು ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕಿ ದೊರೆತಿರುವ ಅವರ ವಚನಗಳಲ್ಲಿ ಬಸವಾದಿ ಶರಣರ ಸ್ಮರಣೆ ಮತ್ತೆ ಮತ್ತೆ ಬರುವುದಕ್ಕೆ ಈ ಋಣವೇ ಕಾರಣ.

ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದ ತರುವಾಯ ಸಿದ್ಧರಾಮೇಶ್ವರರು ಸೊನ್ನಲಿಗೆಗೆ ಹಿಂದಿರುಗಿ ಅಲ್ಲಿಯೇ ಸಮಾಧಿಸ್ಥರಾದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಅವರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಪುರಾಣವಾಗಿ ರಚಿಸಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಪ್ರಥಮ ಮಹಿಳೆ ಅವರೇ. ಕೆರೆಯ ನಡುವಣ ಗುಡಿಯ ಪ್ರಾಕಾರದಲ್ಲಿ ಶಿವಯೋಗಿಗಳ ಗದ್ದುಗೆಯಿದೆ. ಅವರನ್ನು ವರಿಸಬೇಕೆಂದು ಹಂಬಲಿಸಿದ ಕುಂಬಾರರ ಕನ್ಯೆಗೆ ಅವರು ತಮ್ಮ ಯೋಗದಂಡವನ್ನು ವರಿಸಲು ಒಪ್ಪಿಗೆಯಿತ್ತರೆಂಬ ಐತಿಹ್ಯದಂತೆ, ವರ್ಷವರ್ಷವೂ ಸಂಕ್ರಾಂತಿಯ ಕಾಲದಲ್ಲಿ ಎತ್ತರವಾದ ನಂದಿಧ್ವಜಗಳ ಮೆರವಣಿಗೆಯಾಗಿ ಆ ವಿವಾಹದ ಉತ್ಸವ ನಡೆಯುತ್ತದೆ. ಬಿಳಿಯ ಉಡುಪನ್ನು ಧರಿಸಿದ ಭಕ್ತರು ಧ್ವಜಗಳನ್ನು ಹೊತ್ತು ಅರುವತ್ತೆಂಟು ಲಿಂಗಗಳಿಗೂ ಕಾಲ್ನಡಿಗೆಯಲ್ಲಿಯೇ ಪ್ರದಕ್ಷಿಣೆ ಬರುತ್ತಾರೆ.