ಸಂಕೋಲೆ ಕಳಚಿದ ವೈದ್ಯ ಫಿಲಿಪ್ ಪಿನೆಲ್

ಶಾಲೆಯ ಅಂಗಳದಲ್ಲಿ ಮಕ್ಕಳ ಜಗಳಕ್ಕೆ ಕಿವಿಗೊಟ್ಟರೆ ನಮ್ಮ ಜಿಲ್ಲೆಯ ಭಾಷೆಗಳೆಲ್ಲ ಒಟ್ಟಿಗೆ ಕೇಳಿಸುತ್ತವೆ. ಕನ್ನಡದ ಹುಚ್ಚ, ತುಳುವಿನ ಮರ್ಲ, ಮಲೆಯಾಳದ ಭ್ರಾಂತನ್, ಎಲ್ಲರಿಗೂ ಸಮಾನವಾದ ಮೆಂಟಲ್. ಲೆಕ್ಕ ತಪ್ಪಿದವನೂ ಮೆಂಟಲ್, ಚೆಂಡು ಕೈಬಿಟ್ಟವನೂ ಮೆಂಟಲ್. ದೊಡ್ಡವರೇನೂ ಹಿಂದೆ ಬಿದ್ದಿಲ್ಲ. ಯಾರದಾದರೂ ಮಾತು ತುಸು ವಿಚಿತ್ರವೆನಿಸಿದರೆ ಕುದಿರವಟ್ಟಕ್ಕೆ ಸೇರಿಸಬೇಕೆಂದು ಹೇಳಿ ನಗುತ್ತೇವೆ. ಕೋಝಿಕ್ಕೋಡಿನ ಆ ಸ್ಥಳದಲ್ಲಿ 1872ರಿಂದ ಮಾನಸಿಕ ರೋಗಿಗಳ ಆಸ್ಪತ್ರೆ ಇದೆ. ರೋಗ ಗುಣಪಡಿಸುವ ಜಾಗದ ಹೆಸರೇ ಬೈಗುಳವಾಗಿಬಿಟ್ಟಿದೆ.

ಇದನ್ನು ಬರೆಯುವ ನಾವೂ ನಿರ್ದೋಷಿಗಳಲ್ಲ. ಕೆಲವು ವರ್ಷಗಳ ಹಿಂದೆ ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಹುಡುಗನೊಬ್ಬನಿಗೆ ತಲೆ ಸರಿ ಇದೆಯೇ ಎಂದು ಗದರಿಸಿದ್ದೆವು. ತರಗತಿಯೆಲ್ಲ ನಕ್ಕಿತು. ಹುಡುಗ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವನ ತಾಯಿ ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ನಾಚಿಕೆ ಇನ್ನೂ ಮಾಸಿಲ್ಲ. ಮಾತಿನ ಈ ಗಾಯವನ್ನು ಎರಡು ಶತಮಾನಗಳ ಹಿಂದೆಯೇ ಕಂಡುಕೊಂಡ ವೈದ್ಯರೊಬ್ಬರ ಬಾಳನ್ನು ಓದುಗರ ಮುಂದಿಡಲು ಅದೇ ಕಾರಣ.

ಫಿಲಿಪ್ ಪಿನೆಲ್ 1745ರ ಏಪ್ರಿಲ್ 20ರಂದು ದಕ್ಷಿಣ ಫ್ರಾನ್ಸಿನ ಝೋಂಕಿಯೇರ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕ್ಷೌರವನ್ನೂ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದವರು. ಆ ಕಾಲದಲ್ಲಿ ಅಲ್ಲಿ ಎರಡೂ ಒಂದೇ ಕೈಯ ಕಸುಬು. ಪಾದ್ರಿಯಾಗಲೆಂದು ಓದಿಗೆ ಹಚ್ಚಿದ ಹುಡುಗ ವೈದ್ಯಶಾಸ್ತ್ರದ ಕಡೆಗೆ ತಿರುಗಿ, 1773ರಲ್ಲಿ ತುಲೂಸಿನಲ್ಲಿ ಪದವಿ ಪಡೆದರು. 1778ರಲ್ಲಿ ಪ್ಯಾರಿಸಿಗೆ ಹೋದರು. ಅಲ್ಲಿ ದೊರೆತದ್ದು ನಿರಾಶೆ. ಹೊರ ಊರಿನ ಪದವಿಗೆ ರಾಜಧಾನಿಯಲ್ಲಿ ಬೆಲೆಯಿರಲಿಲ್ಲ, ವೈದ್ಯವೃತ್ತಿಗೆ ಅನುಮತಿ ಸಿಗಲಿಲ್ಲ. ಗಣಿತದ ಪಾಠ ಹೇಳಿಕೊಟ್ಟು, ವೈದ್ಯಗ್ರಂಥಗಳನ್ನು ಭಾಷಾಂತರಿಸಿ, ಪತ್ರಿಕೆಯೊಂದರ ಸಂಪಾದಕತ್ವ ವಹಿಸಿ ಸುಮಾರು 15 ವರ್ಷ ಹೊಟ್ಟೆ ಹೊರೆದರು.

ಅದೇ ದಿನಗಳಲ್ಲಿ ಅವರ ಆತ್ಮೀಯ ಗೆಳೆಯನೊಬ್ಬ ಚಿತ್ತವಿಕಲನಾಗಿ ದಾರುಣವಾಗಿ ಸತ್ತ. ಆ ಸಾವು ಪಿನೆಲ್ ಅವರನ್ನು ಕಲಕಿಬಿಟ್ಟಿತು. ಬೇರೆ ರೋಗಗಳಂತೆ ಇದೂ ಒಂದು ರೋಗ, ಇದಕ್ಕೂ ಚಿಕಿತ್ಸೆ ಇರಲೇಬೇಕು ಎಂಬ ಹಟ ಹಿಡಿಯಿತು. ಖಾಸಗಿ ಆಶ್ರಯಗೃಹವೊಂದರಲ್ಲಿ ಅಂಥ ರೋಗಿಗಳನ್ನು ನೋಡತೊಡಗಿದರು.

ಕ್ರಾಂತಿಯ ಬಿರುಗಾಳಿಯ ನಡುವೆ, 1793ರಲ್ಲಿ, ಬಿಸೆತ್ರ್ ಆಸ್ಪತ್ರೆಯ ವೈದ್ಯರಾಗಿ ಅವರ ನೇಮಕವಾಯಿತು. ಆಸ್ಪತ್ರೆ ಎಂದರೆ ಇಂದಿನ ಅರ್ಥದ್ದಲ್ಲ. ಕೈದಿಗಳು, ಭಿಕ್ಷುಕರು, ವೃದ್ಧರು, ಚಿತ್ತವಿಕಲರು ಎಲ್ಲರನ್ನೂ ತುಂಬಿದ್ದ ದೊಡ್ಡಿ. ಮನಸ್ಸಿನ ರೋಗಿಗಳೇ 200ರಷ್ಟಿದ್ದರು. ಅವರಲ್ಲಿ ಕೆಲವರು ವರ್ಷಾನುಗಟ್ಟಲೆ ಸರಪಳಿಯಲ್ಲಿ ಬಿದ್ದವರು.

ಅಲ್ಲಿ ಪಿನೆಲ್ ಅವರಿಗೆ ಒಬ್ಬ ಗುರು ದೊರೆತರು. ಅವರು ಪಂಡಿತರಲ್ಲ, ಚರ್ಮ ಹದಮಾಡುವ ಕಸುಬಿನವರು. ಹೆಸರು ಝಾನ್ ಬಾತಿಸ್ತ್ ಪ್ಯುಸಾಂ. ಗಂಡಮಾಲೆಯ ರೋಗಿಯಾಗಿ ಬಿಸೆತ್ರಿಗೆ ಬಂದು, ಗುಣವಾಗಿ, ಅಲ್ಲೇ ಉಳಿದು ಮೇಲ್ವಿಚಾರಕರಾದವರು. ರೋಗಿಗಳ ಮೇಲೆ ಯಾರೂ ಕೈಮಾಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದರು. ಗುಣಮುಖರಾದವರನ್ನೇ ಪರಿಚಾರಕರನ್ನಾಗಿ ಇಟ್ಟುಕೊಳ್ಳುತ್ತಿದ್ದರು. ನೋವುಂಡವನಿಗೆ ಇನ್ನೊಬ್ಬನ ನೋವು ತಿಳಿಯುತ್ತದೆ ಎಂಬುದು ಅವರ ಅನುಭವ. ಪದವೀಧರ ವೈದ್ಯ ಈ ಕಸುಬುದಾರನ ಬಳಿ ಕಲಿಯಲು ಸಂಕೋಚಪಡಲಿಲ್ಲ. ಪಿನೆಲ್ ಅವರ ದೊಡ್ಡಸ್ತಿಕೆ ಇಲ್ಲಿದೆ ಎಂದು ನಮಗೆ ತೋರುತ್ತದೆ. ಮತ್ತೆ ಮತ್ತೆ ರೋಗಿಗಳ ಬಳಿಗೆ ಹೋಗಿ ಕುಳಿತು ಮಾತನಾಡಿಸಿದರು, ಒಬ್ಬೊಬ್ಬರ ಪೂರ್ವವೃತ್ತಾಂತವನ್ನೂ ಬರೆದಿಟ್ಟರು. ರಕ್ತ ತೆಗೆಯುವ, ಬೇಧಿಗೆ ಕೊಡುವ ಹಳೆಯ ಕ್ರಮಗಳನ್ನು ಬಹುಮಟ್ಟಿಗೆ ಬಿಟ್ಟು, ಸಮಾಧಾನ, ಕ್ರಮಬದ್ಧ ದಿನಚರಿ, ಕೈಗೊಂದು ಕೆಲಸ ಇವನ್ನೇ ಮದ್ದಾಗಿ ಮಾಡಿದರು.

ಪಿನೆಲ್ ಒಂದು ದಿನ ಸ್ವಹಸ್ತದಿಂದ ಸರಪಳಿ ಕಳಚಿದರೆಂಬ ಕಥೆ ಪುಸ್ತಕಗಳಲ್ಲಿದೆ, 1876ರಲ್ಲಿ ಚಿತ್ರಿಸಿದ ಪ್ರಸಿದ್ಧ ವರ್ಣಚಿತ್ರವೂ ಇದೆ. ನಿಜ ಸಂಗತಿ ಸ್ವಲ್ಪ ಬೇರೆ. ಪಿನೆಲ್ 1795ರಲ್ಲಿ ಸಾಲ್ಪೆತ್ರಿಯೇರ್ ಎಂಬ ಸ್ತ್ರೀಯರ ಆಸ್ಪತ್ರೆಗೆ ಹೋಗಿದ್ದರು. ಬಿಸೆತ್ರಿನಲ್ಲಿ 1797ರಲ್ಲಿ ಸರಪಳಿ ತೆಗೆಸಿದವರು ಪ್ಯುಸಾಂ. ಸಾಲ್ಪೆತ್ರಿಯೇರಿನ ಸರಪಳಿಗಳು ಆಮೇಲೆ ಹೋದವು. 1802ರಲ್ಲಿ ಪಿನೆಲ್ ಪ್ಯುಸಾಂ ಅವರನ್ನೂ ತಮ್ಮ ಬಳಿಗೆ ಕರೆಸಿಕೊಂಡರು. ತಮ್ಮ ಬರಹದಲ್ಲಿ ಅವರ ಋಣವನ್ನು ಮುಚ್ಚಿಡಲಿಲ್ಲ. ಕೀರ್ತಿಯನ್ನೆಲ್ಲ ಒಬ್ಬರಿಗೇ ಕಟ್ಟಿದವರು ಆಮೇಲಿನವರು.

ಪಿನೆಲ್ ಅವರು ಇನ್ನೊಂದು ಸಂಕೋಲೆಗೂ ಕೈಹಾಕಿದರು. ಅದು ಶಬ್ದದ ಸಂಕೋಲೆ. 1801ರಲ್ಲಿ ಪ್ರಕಟವಾದ ತಮ್ಮ ಮುಖ್ಯ ಗ್ರಂಥಕ್ಕೆ ಬೀದಿಯಲ್ಲಿ ಬಳಸುವ ಹುಚ್ಚು ಎಂಬರ್ಥದ ಮಾತನ್ನು ಹೆಸರಾಗಿ ಇಡದೆ, ಮನಸ್ಸು ತನ್ನಿಂದ ತಾನು ದೂರವಾದ ಸ್ಥಿತಿ ಎಂದು ಸೂಚಿಸುವ ಮಾತನ್ನು ಇಟ್ಟರು. ದೂರವಾದವನು ಮರಳಿ ಬರಬಲ್ಲನೆಂಬ ಭರವಸೆ ಆ ಮಾತಿನಲ್ಲಿದೆ. ರೋಗವನ್ನು ಅವರು 4 ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದರ ಹೆಸರಿನಲ್ಲಿ ಇಂದು ನಮ್ಮ ಹುಡುಗರು ಆಡಿಕೊಳ್ಳುವ ಈಡಿಯಟ್ ಎಂಬ ಮಾತು ಅಡಗಿದೆ. ವೈದ್ಯರ ದಫ್ತರದಲ್ಲಿದ್ದ ಶಬ್ದ ಆಟದ ಬಯಲಿನಲ್ಲೂ ಕೇಳಿಸುತ್ತದೆ. ಒಳ್ಳೆಯ ಹೆಸರಿಟ್ಟರೆ ಸಾಲದು, ಆಡುವ ನಾಲಗೆಯಲ್ಲೂ ಕರುಣೆ ಬೇಕೆಂಬ ಪಾಠ ಇದರಲ್ಲಿದೆ.

1822ರಲ್ಲಿ ಸರಕಾರ ಪ್ಯಾರಿಸಿನ ವೈದ್ಯವಿದ್ಯಾಲಯವನ್ನು ಮುಚ್ಚಿದಾಗ ವೃದ್ಧ ಪಿನೆಲ್ ತಮ್ಮ ಪ್ರಾಧ್ಯಾಪಕ ಪೀಠವನ್ನು ಕಳೆದುಕೊಂಡರು. 1826ರ ಅಕ್ಟೋಬರ್ 25ರಂದು ತೀರಿಕೊಂಡರು. ಅವರ ಶಿಷ್ಯ ಎಸ್ಕಿರೋಲ್ ಕೆಲಸವನ್ನು ಮುಂದುವರಿಸಿದರು. ರೋಗಿಗಳ ಪಾಲನೆಗಾಗಿ ಫ್ರಾನ್ಸಿನಲ್ಲಿ 1838ರಲ್ಲಿ ಕಾನೂನು ಬಂತು.

ಇಷ್ಟು ಹಳೆಯ, ಇಷ್ಟು ದೂರದ ಕಥೆ ನಮಗೇಕೆ ಎನ್ನಬಹುದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಾಗ 28 ಮಂದಿ ಮಾನಸಿಕ ರೋಗಿಗಳು ಸುಟ್ಟು ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗಲಿಲ್ಲ. ಪ್ಯುಸಾಂ ಸರಪಳಿ ಬಿಚ್ಚಿಸಿ ಆಗ 204 ವರ್ಷ ಕಳೆದಿತ್ತು. ನಮ್ಮ ದೇಶದ 1912ರ ಕಾನೂನಿನ ಹೆಸರಿನಲ್ಲೇ ಹುಚ್ಚು ಎಂಬ ಮಾತಿತ್ತು. 1987ರ ಕಾನೂನು ಅದನ್ನು ಕೈಬಿಟ್ಟಿತು. 2017ರ ಕಾನೂನು ಯಾವ ರೂಪದಲ್ಲೂ ಸರಪಳಿ ಹಾಕಕೂಡದೆಂದು ವಿಧಿಸಿದೆ.

ಕಾನೂನು ಕಬ್ಬಿಣದ ಸರಪಳಿಯನ್ನು ಬಿಚ್ಚಿಸಬಲ್ಲುದು. ಮಾತಿನ ಸರಪಳಿಯನ್ನು ಮನೆಯವರೇ ಬಿಚ್ಚಬೇಕು. ಜ್ವರ ಬಂದರೆ ಊರಿಗೆಲ್ಲ ಹೇಳಿಕೊಳ್ಳುವ ನಾವು, ಮನಸ್ಸಿಗೆ ಜಡ್ಡು ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಮಗಳ ಮದುವೆ ತಪ್ಪೀತು, ಜನ ಮೆಂಟಲ್ ಎಂದಾರು ಎಂಬ ಭಯ. ಆ ಭಯದಲ್ಲಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ, ಗುಣವಾಗುವ ರೋಗವೂ ಬಲಿಯುತ್ತದೆ. ತಮಾಷೆಗೆ ಆಡಿದ ಮಾತಿನ ಬೆಲೆಯನ್ನು ತೆರುವವರು ಆ ಮನೆಯವರು.

ನಾಲ್ಕನೆಯ ದಿನ ನಾವು ಆ ಹುಡುಗನ ಮನೆಗೆ ಹೋದೆವು. ತಾಯಿಯೇ ಬಾಗಿಲು ತೆರೆದು, ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟರು. ಹುಡುಗನ ಮುಂದೆ ತಪ್ಪಾಯಿತೆಂದು ಹೇಳಿ ಬಂದೆವು. ಅವನು ಮರುದಿನ ಶಾಲೆಗೆ ಬಂದ.