ಗುಳಿಗೆಯ ಡಾಕ್ಟರು ಜಾನ್ ರಾಕ್

ಮನೆಯಲ್ಲಿ ಮದುವೆ ಗೊತ್ತಾದರೆ, ದೂರದ ಯಾತ್ರೆಗೆ ದಿನ ಕೂಡಿಬಂದರೆ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಹತ್ತಿರವಾದರೆ, ಕಡೇಚೂರು, ಯಾದಗಿರಿ ಕಡೆಯ ಹೆಣ್ಣುಮಕ್ಕಳೂ ನಾಡಿನ ಬೇರೆ ಹೆಣ್ಣುಮಕ್ಕಳಂತೆ ಔಷಧಿ ಅಂಗಡಿಯಲ್ಲಿ ದನಿ ತಗ್ಗಿಸಿ ಒಂದು ಗುಳಿಗೆಯನ್ನು ಕೇಳುವುದುಂಟು. ಮುಟ್ಟನ್ನು ನಾಲ್ಕು ದಿನ ಮುಂದಕ್ಕೆ ಹಾಕುವ ಗುಳಿಗೆ ಅದು. ಅದರೊಳಗಿನ ಔಷಧದ ಹೆಸರು ನೊರೆಥಿಸ್ಟರಾನ್. 1951ರಲ್ಲಿ ಮೆಕ್ಸಿಕೋ ನಗರದ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿದ ಈ ವಸ್ತುವನ್ನೂ ಇದರ ಜೊತೆಗಾರ ಔಷಧಗಳನ್ನೂ ಮೊದಮೊದಲು ಹೆಂಗಸರಿಗೆ ಕೊಟ್ಟು ಪರೀಕ್ಷಿಸಿದವರಲ್ಲಿ ಒಬ್ಬರು ಪ್ರತಿದಿನ ಬೆಳಿಗ್ಗೆ ಬಲಿಪೂಜೆಗೆ ಹೋಗುತ್ತಿದ್ದ ಕಥೋಲಿಕ ವೈದ್ಯರು. ಪ್ರಿಯ ಓದುಗರೇ, ಅವರ ಜೀವನವನ್ನು ನಾವು ತಿಳಿದಿರುವುದು ಒಳ್ಳೆಯದು. ಅದರಲ್ಲಿ ಮೆಚ್ಚುವಂಥದೂ ಇದೆ, ನೋಯುವಂಥದೂ ಇದೆ.

ಜಾನ್ ರಾಕ್ ಹುಟ್ಟಿದ್ದು 1890ರ ಮಾರ್ಚ್ 24ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಲ್‌ಬರೋ ಎಂಬ ಊರಿನಲ್ಲಿ. ಐರಿಷ್ ಮೂಲದ ಕಥೋಲಿಕ ಮನೆತನ. ಹದಿನಾಲ್ಕರ ವಯಸ್ಸಿನಲ್ಲಿ ಧರ್ಮಕೇಂದ್ರದ ಗುರುಗಳೊಬ್ಬರು ಬಡವರ ಆಶ್ರಯಧಾಮಕ್ಕೆ ಹೋಗುವಾಗ ಈ ಹುಡುಗನನ್ನೂ ಕುದುರೆ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ದಾರಿಯಲ್ಲಿ ಅವರು ಹೇಳಿದ ಬುದ್ಧಿಮಾತು ಒಂದೇ: ನಿನ್ನ ಅಂತಃಸಾಕ್ಷಿಯನ್ನು ನೀನೇ ಕಾಯ್ದುಕೋ, ಬೇರೆಯವರ ಕೈಗೆ ಒಪ್ಪಿಸಬೇಡ ಎಂಬುದು. ರಾಕ್ ಆ ಮಾತನ್ನು ಸಾಯುವವರೆಗೆ ಮರೆಯಲಿಲ್ಲ. ಅಂತಃಸಾಕ್ಷಿಗೆ ಧರ್ಮಸಭೆಯ ಬೋಧನೆಯಿಂದಲೇ ಬೆಳಕು ಸಿಗಬೇಕೆಂಬ ಮಾತನ್ನೂ ಗುರುಗಳು ಅಂದು ಸೇರಿಸಿದ್ದರೇ ಎಂದು ಕೇಳಬೇಕೆನಿಸುತ್ತದೆ.

ಯೌವನದಲ್ಲಿ ಗ್ವಾಟೆಮಾಲದ ಬಾಳೆತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಕೂಲಿಗಳ ಪಾಡು ನೋಡಿ ಮನಸ್ಸು ಒಗ್ಗಲಿಲ್ಲ. ತಿರುಗಿ ಬಂದು ಹಾರ್ವರ್ಡ್‌ನಲ್ಲಿ ಓದಿ 1918ರಲ್ಲಿ ವೈದ್ಯರಾದರು. 1925ರಲ್ಲಿ ಆನಾ ಥಾರ್ನ್‌ಡೈಕ್ ಅವರೊಂದಿಗೆ ವಿವಾಹ. ನಡೆಸಿಕೊಟ್ಟವರು ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನೆಲ್. ಐವರು ಮಕ್ಕಳಾದರು. ರಾಕ್ ಅವರ ಮೇಜಿನ ಮೇಲ್ಗಡೆ ಗೋಡೆಯಲ್ಲಿ ಶಿಲುಬೆ ತೂಗುತ್ತಿತ್ತು. ಬ್ರೂಕ್ಲೈನ್‌ನ ಸಂತ ಮರಿಯಮ್ಮನವರ ದೇವಾಲಯದಲ್ಲಿ ಬೆಳಗಿನ ಏಳು ಗಂಟೆಯ ಪೂಜೆ ತಪ್ಪಿಸುತ್ತಿದ್ದುದು ಅಪರೂಪ.

ಅವರ ಕೆಲಸದ ಬಹುಪಾಲು ಮಕ್ಕಳಾಗದ ದಂಪತಿಗಳ ಸೇವೆ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಗುಳಿಗೆಯ ಹೆಸರು ಬಂದೊಡನೆ ಜನ ಇದನ್ನು ಮರೆಯುತ್ತಾರೆ. ಬಂಜೆ ಎನಿಸಿಕೊಂಡ ಹೆಂಗಸರು ದೂರದೂರದಿಂದ ಅವರ ಬಳಿಗೆ ಬರುತ್ತಿದ್ದರು. ಜೊತೆಗೆ ಇನ್ನೊಂದು ಮುಖವೂ ಇತ್ತು. ಹೆರಿಗೆಯ ಮೇಲೆ ಹೆರಿಗೆಯಾಗಿ ಸೊರಗಿದ ಬಡ ತಾಯಂದಿರನ್ನೂ ಅವರು ದಿನವೂ ನೋಡುತ್ತಿದ್ದರು. ಆಗ ಮ್ಯಾಸಚೂಸೆಟ್ಸ್‌ನಲ್ಲಿ ಗರ್ಭನಿರೋಧದ ಸಲಹೆ ಕೊಡುವುದೇ ಅಪರಾಧ. ನಮ್ಮ ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಅಂಥ ಚಿಕಿತ್ಸಾಲಯ ತೆರೆಯಲು ಮುಂದಾಗಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಆ ಕಾನೂನು ಸಡಿಲಿಸಬೇಕೆಂದು 1931ರಲ್ಲಿ ಬಾಸ್ಟನ್ನಿನ ಹದಿನೈದು ವೈದ್ಯರು ಸಹಿ ಹಾಕಿದಾಗ ಅವರಲ್ಲಿ ಕಥೋಲಿಕರು ರಾಕ್ ಒಬ್ಬರೇ.

1936ರಲ್ಲಿ ಅವರು ಧರ್ಮಸಭೆ ಒಪ್ಪುವ ಸುರಕ್ಷಿತ ದಿನಗಳ ಕ್ರಮವನ್ನು ಕಲಿಸಲು ಚಿಕಿತ್ಸಾಲಯ ತೆರೆದರು. ಇದೇ ಕ್ರಮವನ್ನು 1952ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿಯೂ ದೆಹಲಿಯ ಲೋದಿ ಕಾಲನಿಯಲ್ಲಿಯೂ ಪ್ರಯೋಗಿಸಿ ನೋಡಿದರು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟದ್ದೂ ಉಂಟು. ಫಲ ಹೆಚ್ಚು ಬರಲಿಲ್ಲ. ರಾಕ್ ಅವರ ಅನುಭವವೂ ಹಾಗೆಯೇ ಇತ್ತು. ಮುಟ್ಟು ತಪ್ಪಿ ತಪ್ಪಿ ಬರುವವರಿಗೆ ಲೆಕ್ಕ ಕೂಡುತ್ತಿರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. 1950ರ ದಶಕದ ಮೊದಲ ವರ್ಷಗಳಲ್ಲಿ ರಾಕ್ ಮಕ್ಕಳಿಲ್ಲದ 80 ಮಂದಿ ಸ್ತ್ರೀಯರಿಗೆ ಕೆಲವು ತಿಂಗಳು ಬಿಡದೆ ಹಾರ್ಮೋನು ಕೊಟ್ಟರು. ಅಂಡಾಶಯಕ್ಕೆ ವಿಶ್ರಾಂತಿ ಕೊಟ್ಟು ನಿಲ್ಲಿಸಿದರೆ ಅದು ಹೊಸ ಚೈತನ್ಯದಿಂದ ಕೆಲಸ ಮಾಡೀತೆಂಬ ಆಸೆ. ಔಷಧ ನಿಲ್ಲಿಸಿದ ನಾಲ್ಕು ತಿಂಗಳೊಳಗೆ 13 ಮಂದಿ ಗರ್ಭಿಣಿಯರಾದರು. ಆದರೆ ಔಷಧ ನಡೆದಷ್ಟು ಕಾಲ ಅವರಿಗೆ ಮುಟ್ಟೇ ಆಗಲಿಲ್ಲ. ಎದೆ ಬಿಗಿದುಕೊಂಡಿತು, ವಾಕರಿಕೆ ಬಂತು. ದೇವರು ಕಣ್ಣು ತೆರೆದನೆಂದೇ ಅನೇಕರು ನಂಬಿಬಿಟ್ಟರು. ಹಾಗಲ್ಲವೆಂದು ಡಾಕ್ಟರು ಎಷ್ಟು ತಿಳಿಹೇಳಿದರೂ ಆಸೆ ಬಿಡದೆ, ಕೊನೆಗೆ ನಿಜ ತಿಳಿದಾಗ ಕುಗ್ಗಿಹೋದರು.

ಅದೇ ಕಾಲದಲ್ಲಿ ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿ ಗರ್ಭನಿರೋಧಕ್ಕೆಂದು ಇಂಥದೇ ಔಷಧವನ್ನು ಹುಡುಕುತ್ತಿದ್ದರು. ತಿಂಗಳಿಗೆ 20 ದಿನ ಮಾತ್ರ ಕೊಟ್ಟು ಆಮೇಲೆ ನಿಲ್ಲಿಸಿ, ಆಗ ರಕ್ತ ಕಾಣುತ್ತದೆ, ಹೆಂಗಸರ ಮನಸ್ಸು ನಿರಾಳವಾಗುತ್ತದೆ ಎಂಬ ಸಲಹೆ ಅವರದು. ರಾಕ್ ಒಪ್ಪಿದರು. ಗುಳಿಗೆ ತಿನ್ನುವವರಿಗೆ ತಿಂಗಳು ತಿಂಗಳು ಕಾಣುವ ರಕ್ತದ ಮೂಲ ಇಷ್ಟೇ. ಅಂಡ ಬಿಡುಗಡೆಯಾಗಿ ಬರುವ ಮುಟ್ಟು ಅದಲ್ಲ. ಔಷಧ ನಿಂತದ್ದಕ್ಕೆ ಗರ್ಭಕೋಶದ ಒಳಪದರ ಕಳಚುವುದು.

ಸರ್ಕಾರ ಕೊಡುವ ಮಾಲಾ-ಎನ್ ಪಟ್ಟಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದರಲ್ಲಿ 21 ಗುಳಿಗೆಗಳಲ್ಲಿ ಮಾತ್ರ ಹಾರ್ಮೋನು ಇದೆ. ಉಳಿದ 7 ಕಬ್ಬಿಣಾಂಶದ ಗುಳಿಗೆಗಳು. ಆ ಏಳು ದಿನ ಕಡ್ಡಾಯವೇನಲ್ಲವೆಂದು ವೈದ್ಯಲೋಕ ಒಪ್ಪಲು ಬಹಳ ಕಾಲ ಹಿಡಿಯಿತು. ವರ್ಷಕ್ಕೆ ನಾಲ್ಕೇ ಸಲ ರಕ್ತ ಕಾಣುವ ಕ್ರಮವನ್ನು 1977ರಲ್ಲಿ ಎಡಿನ್‌ಬರೋದ ವೈದ್ಯರು ವರದಿ ಮಾಡಿದರು. ಅಂಥ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ. ಏಳು ದಿನದ ಬಿಡುವಿನಿಂದ ಆರೋಗ್ಯಕ್ಕೆ ಲಾಭವಿಲ್ಲವೆಂದು ಬ್ರಿಟನ್ನಿನ ತಜ್ಞರ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಹೇಳಿದ್ದು 2019ರಲ್ಲಿ. ವಿಪರೀತ ರಕ್ತಸ್ರಾವದಿಂದ ಬಳಲುವವಳಿಗೆ ಇದು ದೊಡ್ಡ ಉಪಕಾರ. ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂಬುದನ್ನು ಮರೆಯಬಾರದು.

ಹಾಗೆಂದು ನೆರೆಮನೆಯವಳು ತಿಂದಳೆಂದು ತಾನೂ ತಿನ್ನುವ ವಸ್ತು ಇದಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಚಿಕ್ಕದಾದರೂ ಇದ್ದೇ ಇದೆ. ರಕ್ತದೊತ್ತಡ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವು, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಇನ್ನು, ಪೂಜೆಗೆ ಹೋಗಬೇಕೆಂದು ನಮ್ಮ ಕ್ರೈಸ್ತ ಹೆಣ್ಣುಮಕ್ಕಳು ಈ ಗುಳಿಗೆ ನುಂಗುವ ಅಗತ್ಯವೇ ಇಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ತನ್ನ ಉಡುಪು ಮುಟ್ಟಿದಾಗ ಯೇಸುಸ್ವಾಮಿ ಅವಳನ್ನು ದೂರ ತಳ್ಳಲಿಲ್ಲ. ಮುಟ್ಟಾದವಳಿಗೆ ದೇವಾಲಯವನ್ನಾಗಲಿ ಪರಮಪ್ರಸಾದವನ್ನಾಗಲಿ ನಿರಾಕರಿಸಬಾರದೆಂಬುದು ಸಂತ ಮಹಾ ಗ್ರೆಗರಿ ಜಗದ್ಗುರುಗಳ ಹೆಸರಿನಲ್ಲಿ ಬಂದ ಸಾವಿರದ ನಾನೂರು ವರ್ಷಗಳಷ್ಟು ಹಳೆಯ ಉತ್ತರ.

ರಾಕ್ ಮತ್ತು ಪಿಂಕಸ್ ಅವರ ಕಥೆಯಲ್ಲಿ ಮುಚ್ಚಿಡಬಾರದ ಒಂದು ಅಧ್ಯಾಯವಿದೆ. ಔಷಧವನ್ನು ಮಾನಸಿಕ ಆಸ್ಪತ್ರೆಯ ರೋಗಿಗಳ ಮೇಲೂ, 1956ರಿಂದ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರ ಮೇಲೂ ಪ್ರಯೋಗಿಸಿದರು. ಇದು ಇನ್ನೂ ಪರೀಕ್ಷೆಯಲ್ಲಿರುವ ಔಷಧವೆಂದು ಆ ಬಡವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಗುಳಿಗೆಯ ಪ್ರಮಾಣ ಇಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತಲೆಸುತ್ತು, ವಾಂತಿ ವಿಪರೀತವಾಗಿವೆಯೆಂದು ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಕಳಿಸಿದರೂ ಮೇಲಿನವರು ಹಗುರವಾಗಿ ತೆಗೆದುಕೊಂಡರು. ಬಾಳೆತೋಟದ ಕೂಲಿಗಳ ಪಾಡಿಗೆ ಮರುಗಿದ್ದ ರಾಕ್ ಇಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲವೆಂಬುದು ಬೇಸರದ ಸಂಗತಿ.

1957ರಲ್ಲಿ ಅಮೆರಿಕ ಸರ್ಕಾರ ಎನೋವಿಡ್ ಎಂಬ ಆ ಗುಳಿಗೆಗೆ ಮುಟ್ಟಿನ ತೊಂದರೆಗಳ ಚಿಕಿತ್ಸೆಗೆಂದು ಮೊದಲು ಒಪ್ಪಿಗೆ ಕೊಟ್ಟಿತು. ಗರ್ಭನಿರೋಧಕ್ಕೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಈ ಎರಡರ ನಡುವೆ, 1958ರ ಸೆಪ್ಟೆಂಬರಿನಲ್ಲಿ, ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ರಕ್ತರೋಗ ತಜ್ಞರ ಸಭೆಯಲ್ಲಿ ಈ ವಿಷಯವೆತ್ತಿದರು. ಗರ್ಭಕೋಶದ ಅಥವಾ ದೇಹದ ರೋಗಕ್ಕೆ ಮದ್ದಾಗಿ ವೈದ್ಯರ ಸಲಹೆಯಂತೆ ತೆಗೆದುಕೊಂಡರೆ, ಆ ಕಾಲದಲ್ಲಿ ಗರ್ಭ ನಿಲ್ಲದಿದ್ದರೂ ಅದು ಪಾಪವಲ್ಲ. ಗರ್ಭ ತಡೆಯುವುದಕ್ಕೆಂದೇ ತೆಗೆದುಕೊಂಡರೆ ಸಲ್ಲದು ಎಂಬುದು ಅವರ ತೀರ್ಪು. ಮುಟ್ಟಿನ ಕಾಯಿಲೆಗೆ ಡಾಕ್ಟರು ಇದೇ ಗುಳಿಗೆ ಬರೆದುಕೊಟ್ಟಾಗ ಎಷ್ಟೋ ತಾಯಂದಿರು ಪಾಪನಿವೇದನೆಗೆ ಅಂಜುತ್ತಾರೆ. ಅವರು ಅಂಜಬೇಕಾಗಿಲ್ಲ.

ರಾಕ್ ಅಲ್ಲಿಗೆ ನಿಲ್ಲಲಿಲ್ಲ. ಗುಳಿಗೆಯಲ್ಲಿರುವುದು ದೇಹದಲ್ಲೇ ಇರುವಂಥ ರಸ, ಅದು ಸುರಕ್ಷಿತ ದಿನಗಳನ್ನು ಉದ್ದ ಮಾಡುತ್ತದೆ ಅಷ್ಟೆ, ಆದ್ದರಿಂದ ಇದೂ ಪ್ರಕೃತಿಯ ದಾರಿಯೇ ಎಂದು ವಾದಿಸಿದರು. ತಿಂಗಳಿಗೊಮ್ಮೆ ಕಾಣುವ ರಕ್ತವೂ ಆ ವಾದಕ್ಕೆ ಹೊಂದಿಕೊಂಡಿತು. 1963ರಲ್ಲಿ ಪುಸ್ತಕ ಬರೆದರು, ಪತ್ರಿಕೆ ಟಿವಿಗಳಲ್ಲಿ ಮಾತಾಡಿದರು. ಅದೇ ವರ್ಷ ಇಪ್ಪತ್ತಮೂರನೆಯ ಯೊವಾನ್ನ ಜಗದ್ಗುರುಗಳು ಆಯೋಗ ನೇಮಿಸಿದ್ದರು. 1966ರಲ್ಲಿ ಅದರ ಬಹುಮತ ಬದಲಾವಣೆಯ ಪರವಾಗಿಯೇ ಇತ್ತು. ರಾಕ್ ಭರವಸೆಯಿಂದ ಕಾದರು. 1968ರ ಜುಲೈ 25ರ ದಿನಾಂಕದ ವಿಶ್ವಪರಿಪತ್ರದಲ್ಲಿ ಆರನೆಯ ಪೌಲ್ ಜಗದ್ಗುರುಗಳು ಆ ವಾದವನ್ನು ಒಪ್ಪಲಿಲ್ಲ. ರೋಗದ ಚಿಕಿತ್ಸೆಗೆ ಮೊದಲಿದ್ದ ಅವಕಾಶ ಹಾಗೆಯೇ ಉಳಿಯಿತು.

ಆಗ ರಾಕ್ ಅವರಿಗೆ 78 ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಆ ಪತ್ರ ಅವರ ಮನಸ್ಸನ್ನು ಮುರಿಯಿತು. ವರ್ಷಗಳು ಕಳೆದಂತೆ ಜೀವಮಾನದುದ್ದಕ್ಕೂ ಹೋಗುತ್ತಿದ್ದ ಬಲಿಪೂಜೆಗೆ ಹೋಗುವುದನ್ನು ಬಿಟ್ಟರು. ಗುಳಿಗೆಯಿಂದ ಅವರು ಶ್ರೀಮಂತರಾಗಲಿಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಟೆಂಪಲ್ ಎಂಬ ಸಣ್ಣ ಊರಿನ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದು, 1984ರ ಡಿಸೆಂಬರ್ 4ರಂದು, 94ರ ಇಳಿವಯಸ್ಸಿನಲ್ಲಿ ತೀರಿಕೊಂಡರು.