ಶೌಚಾಲಯದಲ್ಲಿ ಕುಸಿದುಬಿದ್ದ ರಾಜ: ಎರಡನೇ ಜಾರ್ಜ್‌ಗೆ ಆಗಿದ್ದೇನು?

ಬಚ್ಚಲುಮನೆಯಲ್ಲಿ ಯಾರಾದರೂ ಕುಸಿದುಬಿದ್ದರೆ ಅದು ಲಕ್ವವೇ, ತಲೆಗೆ ಮೊದಲು ನೀರು ಹಾಕಿಕೊಂಡಿದ್ದೇ ಅದಕ್ಕೆ ಕಾರಣ, ಕೂಡಲೇ ಆಸ್ಪಿರಿನ್ ಮಾತ್ರೆ ಕೊಡಿ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ, 260 ವರ್ಷಗಳಿಗೂ ಹಿಂದೆ ಸತ್ತ ಒಬ್ಬ ರಾಜನ ಕಥೆ ಓದಿ.

ಯಾರು ಈ ರಾಜ?

ಎರಡನೇ ಜಾರ್ಜ್ 1683ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದರು. 1727ರಲ್ಲಿ ಬ್ರಿಟನ್ನಿನ ರಾಜರಾದರು. 1743ರ ಡೆಟಿಂಗೆನ್ ಯುದ್ಧದಲ್ಲಿ ತಾವೇ ಸೇನೆ ಮುನ್ನಡೆಸಿದರು. ಹೀಗೆ ರಣರಂಗಕ್ಕಿಳಿದ ಕೊನೆಯ ಬ್ರಿಟಿಷ್ ದೊರೆ ಅವರೇ. ಪತ್ನಿ ಕ್ಯಾರೊಲಿನ್ 1737ರಲ್ಲಿ, ಹಿರಿಯ ಮಗ ಫ್ರೆಡರಿಕ್ 1751ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ರಾಜರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಕಿವಿಯೂ ಮಂದವಾಗಿತ್ತು.

1760ರ ಅಕ್ಟೋಬರ್ 25ರಂದು, 76ನೇ ವಯಸ್ಸಿನಲ್ಲಿ, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಎಂದಿನಂತೆ ಬೆಳಗ್ಗೆ ಬೇಗ ಎದ್ದು ಒಂದು ಕಪ್ ಬಿಸಿ ಚಾಕೊಲೇಟ್ ಕುಡಿದರು. ಬಳಿಕ ಶೌಚಕ್ಕೆ ಹೋದರು. ಏನೋ ಬಿದ್ದ ಸದ್ದು ಕೇಳಿ ಸೇವಕ ಓಡಿಬಂದಾಗ ರಾಜ ನೆಲದ ಮೇಲಿದ್ದರು. ರಕ್ತ ಹೊರತೆಗೆಯುವ ಅಂದಿನ ಚಿಕಿತ್ಸೆಯನ್ನೂ ಪ್ರಯತ್ನಿಸಿದರು. ಫಲ ಸಿಗಲಿಲ್ಲ.

ನಿಜವಾದ ಕಾರಣ ಏನು?

ರಾಜವೈದ್ಯ ಫ್ರಾಂಕ್ ನಿಕೋಲ್ಸ್ ಶವಪರೀಕ್ಷೆ ಮಾಡಿದರು. ಹೃದಯದ ಸುತ್ತಲಿನ ಚೀಲದಲ್ಲಿ ಹೆಪ್ಪುಗಟ್ಟಿದ ರಕ್ತ ತುಂಬಿ ಹೃದಯವನ್ನೇ ಒತ್ತಿತ್ತು. ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಸುಮಾರು ಒಂದೂವರೆ ಇಂಚು ಸೀಳಿತ್ತು. ಇಂದು ಇದಕ್ಕೆ ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ. ಈ ಕಾಯಿಲೆಯ ಅತ್ಯಂತ ಹಳೆಯ ಸ್ಪಷ್ಟ ದಾಖಲೆಗಳಲ್ಲಿ ಇದೂ ಒಂದು.

ಹಾಗಾದರೆ ಲಕ್ವಕ್ಕೂ ಇದಕ್ಕೂ ಏನು ಸಂಬಂಧ?

ಮಿದುಳಿಗೆ ಹೋಗುವ ರಕ್ತನಾಳಗಳು ಕವಲೊಡೆಯುವುದು ಮಹಾಪಧಮನಿಯಿಂದಲೇ. ಸೀಳು ಅಲ್ಲಿಯವರೆಗೆ ಹಬ್ಬಿದರೆ ಮಿದುಳಿಗೆ ರಕ್ತ ಸಾಲದೆ ಬಾಯಿ ಸೊಟ್ಟಗಾಗಬಹುದು, ಮಾತು ತೊದಲಬಹುದು, ಒಂದು ಕೈಕಾಲು ಸೋಲಬಹುದು, ಪ್ರಜ್ಞೆ ತಪ್ಪಬಹುದು. ಬೆನ್ನುಹುರಿಗೆ ರಕ್ತ ನಿಂತರೆ ಎರಡೂ ಕಾಲು ಸ್ವಾಧೀನ ತಪ್ಪಬಹುದು. ಕೆಲವರಿಗೆ ಎದೆನೋವೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಮಾಮೂಲಿ ಲಕ್ವದಂತೆಯೇ ಕಾಣುತ್ತದೆ.

ಅಪಾಯ ಇರುವುದು ಇಲ್ಲೇ. ಮಾಮೂಲಿ ಲಕ್ವದಲ್ಲಿ ಜೀವ ಉಳಿಸುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಇಲ್ಲಿ ರಕ್ತಸ್ರಾವ ಹೆಚ್ಚಿಸಿ ಜೀವ ತೆಗೆಯಬಹುದು. ರಕ್ತ ತೆಳುವಾಗಿಸುವ ಮಾತ್ರೆಯೂ ಹಾನಿ ಮಾಡಬಹುದು. ಯಾವುದು ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್‌ನಂಥ ಪರೀಕ್ಷೆ ಬೇಕು.

ನೀರಿನ ಕಥೆ ಸತ್ಯವೇ?

ಸ್ನಾನದ ನೀರು ಎಲ್ಲಿಂದ ಸುರಿದುಕೊಳ್ಳುತ್ತೇವೆ ಎಂಬುದು ಲಕ್ವ ತಡೆಯುತ್ತದೆ ಎನ್ನಲು ಆಧಾರವಿಲ್ಲ. ಶೌಚದಲ್ಲಿ ತಿಣುಕಿದಾಗ ಬಿಪಿ ಕ್ಷಣಕಾಲ ಏರುವುದು ನಿಜ. ಆದರೆ ರಕ್ತನಾಳವನ್ನು ವರ್ಷಗಟ್ಟಲೆ ಸವೆಸುವುದು ಹತೋಟಿಯಲ್ಲಿಲ್ಲದ ಬಿಪಿ, ಧೂಮಪಾನ. ಕೆಲವರಿಗೆ ವಂಶಪಾರಂಪರ್ಯದ ಕಾಯಿಲೆಯೂ ಕಾರಣ.

ನೀವು ಏನು ಮಾಡಬೇಕು?

ಯಾರಾದರೂ ಕುಸಿದರೆ 108ಕ್ಕೆ ಕರೆ ಮಾಡಿ. ವೈದ್ಯರು ಹೇಳದೆ ಮಾತ್ರೆ ನುಂಗಿಸಬೇಡಿ. ಬೀಳುವ ಮುಂಚೆ ಎದೆಯಲ್ಲೋ ಬೆನ್ನಲ್ಲೋ ಸೀಳಿದಂಥ ನೋವು ಬಂದಿತ್ತೇ? ಅದು ಈಗ ಹೋಗಿದ್ದರೂ ವೈದ್ಯರಿಗೆ ತಪ್ಪದೆ ಹೇಳಿ. ರಾಜನ ಕಾಯಿಲೆ ಗೊತ್ತಾಗಿದ್ದು ಸತ್ತ ಮೇಲೆ. ನಿಮ್ಮ ಮನೆಯವರದ್ದು ಬದುಕಿರುವಾಗಲೇ ಗೊತ್ತಾಗಲು ಆ ಒಂದು ಮಾತು ಸಾಕಾಗಬಹುದು.